ಕಾಳಿ ಅಳಿವೆಯ ಹಾಯಿದೋಣಿ ಶಿಬಿರ: ಈಜು ಬಂದರೆ ಸಾಕಾ?

ಗೋಕಾಕಿನಿಂದ ಮಗಳನ್ನು ಕಾರವಾರದ ಹಾಯಿದೋಣಿ ಶಿಬಿರಕ್ಕೆ ಕಳಿಸಬಹುದಾ, ಈಜು ಬಂದರೆ ಸಾಕಾ ಅಂತ ಕೇಳಿದ್ದೀರಿ. ಖಂಡಿತ ಕಳಿಸಿ ಸರ್. ಆದರೆ ಈಜು ಬಂದರೂ ಲೈಫ್ ಜಾಕೆಟ್ ಬೇಕೇ ಬೇಕು. ನಮ್ಮ ಹಿಡಕಲ್ ಜಲಾಶಯದ ಹಾಗೆ ಅಳಿವೆಯ, ಅಂದರೆ ಕಾಳಿ ನದಿ ಸಮುದ್ರ ಸೇರುವ ಜಾಗದ, ನೀರು ನಿಂತಿರುವುದಿಲ್ಲ. ಸುಮಾರು 6 ಗಂಟೆ ಸಮುದ್ರದ ನೀರು ಒಳಗೆ ಏರುತ್ತದೆ, ಆಮೇಲೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಇಳಿಯುತ್ತದೆ. ಇಳಿತ ಜೋರಿದ್ದು ಗಾಳಿ ನಿಂತುಬಿಟ್ಟರೆ ದೋಣಿ ಸಮುದ್ರದ ಕಡೆಗೇ ಸರಿಯುತ್ತದೆ. ಉಬ್ಬರ-ಇಳಿತದ ವೇಳೆ ನೋಡಿ ದೋಣಿ ಇಳಿಸುತ್ತಾರಾ, ಜೊತೆಗೆ ಮೋಟಾರ್ ದೋಣಿ ಇರುತ್ತದಾ, ಮೊದಲೇ ಕೇಳಿಕೊಳ್ಳಿ.

ನೀರು ಇಳಿದಾಗ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ಕೆಸರಿಗೆ ಕರೆದೊಯ್ದರೆ ಅವಳು ತಪ್ಪಿಸದೇ ಹೋಗಲಿ. ಪೆನ್ಸಿಲ್‌ನಂತೆ ಮೇಲೆದ್ದ ಉಸಿರುಬೇರುಗಳು, ಒಂದು ಕೊಂಡಿ ಮಾತ್ರ ದೊಡ್ಡದಿರುವ ಗಂಡು ಏಡಿ, ಎಲ್ಲವೂ ಕಾಲ ಬುಡದಲ್ಲೇ ಕಾಣುತ್ತವೆ. ಅಲ್ಲಿ ಚಿಪ್ಪು ಕಾಲು ಕೊಯ್ಯುತ್ತದೆ, ಚಪ್ಪಲಿ ಕೆಸರಲ್ಲೇ ಉಳಿದುಬಿಡುತ್ತದೆ. ಲೇಸ್ ಇರುವ ಹಳೇ ಬೂಟು ಕೊಟ್ಟು ಕಳಿಸಿ.