ಓದುಗರ ಪ್ರಶ್ನೆ: ಇಂಗ್ಲಿಷ್ ತರಗತಿಯಲ್ಲಿ ಬ್ರಿಟನ್ನಿನ ಭೂಗೋಳ

ಪ್ರಶ್ನೆ: ನರ್ಸಿಂಗ್ ಮುಗಿಸಿ ಬ್ರಿಟನ್ನಿನಲ್ಲಿ ಕೆಲಸಕ್ಕೆ ಸೇರಲು ಸಿದ್ಧತೆ ನಡೆಸುತ್ತಿರುವ ಯುವತಿಯರಿಗೆ ನಾನು ಸಂಜೆ ವೇಳೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಆ ದೇಶದ ಭೂಗೋಳ ಮತ್ತು ಪ್ರಸಿದ್ಧ ಸ್ಥಳಗಳನ್ನೂ ಪಾಠದಲ್ಲಿ ಸೇರಿಸಿದ್ದೇನೆ. ಚಿತ್ರ ತೋರಿಸಿದರೆ ಥಟ್ಟನೆ ಹೆಸರು ಹೇಳುತ್ತಾರೆ. ಅದರ ಬಗ್ಗೆ ನಾಲ್ಕು ಮಾತಾಡಿ ಎಂದರೆ ಸುಮ್ಮನಾಗುತ್ತಾರೆ. ದಾರಿ ತೋರಿಸುವಿರಾ?
— ಶಿಕ್ಷಕಿ, ಉಡುಪಿ

ಉತ್ತರ: ಚಿತ್ರ ತೋರಿಸಿ ಹೆಸರು ಕೇಳಿದಾಗ ಉತ್ತರ ಒಂದೇ ಪದದಲ್ಲಿ ಮುಗಿದುಹೋಗುತ್ತದೆ, ಆಮೇಲೆ ಹೇಳಲು ಅವರ ಬಳಿ ಏನೂ ಉಳಿದಿರುವುದಿಲ್ಲ. ಆದ್ದರಿಂದ ಹೆಸರನ್ನು ನೀವೇ ಹೇಳಿಬಿಡಿ. ಅದು ಅಲ್ಲೇ ಏಕಿದೆ, ಹಾಗೇ ಏಕಿದೆ ಎಂಬುದನ್ನು ಅವರಿಂದ ಹೇಳಿಸಿ. ಕಾರಣ ಹೇಳಲು ಹೊರಟವರಿಗೆ ‘ಬಿಕಾಸ್’ ಮತ್ತು ‘ಸೋ’ ಇಲ್ಲದೆ ನಡೆಯುವುದಿಲ್ಲ, ಅವು ಬಂದಮೇಲೆ ವಾಕ್ಯ ಒಂದೇ ಪದಕ್ಕೆ ನಿಲ್ಲುವುದೂ ಇಲ್ಲ.

ಲಂಡನ್ನಿನ ಟವರ್ ಬ್ರಿಜ್ಜನ್ನು ತೆಗೆದುಕೊಳ್ಳಿ. ಅನೇಕರು ಇದನ್ನೇ ಲಂಡನ್ ಬ್ರಿಜ್ ಎಂದು ತಿಳಿದಿರುತ್ತಾರೆ. ಲಂಡನ್ ಬ್ರಿಜ್ ಅಲ್ಲಿಂದ ಸ್ವಲ್ಪ ಮೇಲ್ಹರಿವಿನಲ್ಲಿರುವ, 1973ರಲ್ಲಿ ತೆರೆದ ಸರಳವಾದ ಬೇರೊಂದು ಸೇತುವೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಗರದ ಪೂರ್ವಭಾಗದಲ್ಲಿ ಜನವಸತಿ ದಟ್ಟವಾಗಿ, ಅಲ್ಲಿ ಥೇಮ್ಸ್ ನದಿಯನ್ನು ದಾಟಲು ಹೊಸ ಸೇತುವೆಯ ಅಗತ್ಯ ಬಿತ್ತು. ಆದರೆ ಎತ್ತರದ ಪಟಗಂಬಗಳ ಹಡಗುಗಳು ಅದೇ ಜಾಗವನ್ನು ಹಾದು ನಗರದ ಧಕ್ಕೆಗಳಿಗೆ ಬರುತ್ತಿದ್ದವು. ಮಾಮೂಲಿ ಸೇತುವೆ ಕಟ್ಟಿದ್ದರೆ ಅವುಗಳ ದಾರಿ ಮುಚ್ಚಿಹೋಗುತ್ತಿತ್ತು. ಹೀಗಾಗಿ 1886ರಲ್ಲಿ ಕೆಲಸ ಆರಂಭವಾಗಿ 1894ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯಲ್ಲಿ, ನಡುವಿನ ರಸ್ತೆಯನ್ನು ಎರಡು ಭಾಗ ಮಾಡಿ, ಹಡಗು ಬಂದಾಗ ಎರಡನ್ನೂ ಮೇಲಕ್ಕೆತ್ತುವ ಏರ್ಪಾಡು ಮಾಡಿದರು. ಮೊದಲಿಗೆ ಹಬೆಯಂತ್ರಗಳು ಒತ್ತಡದಲ್ಲಿಟ್ಟ ನೀರಿನ ಬಲದಿಂದ ಅದು ಏಳುತ್ತಿತ್ತು. 1976ರಿಂದ ವಿದ್ಯುತ್ತು ಮತ್ತು ಎಣ್ಣೆಯ ಒತ್ತಡ ಆ ಕೆಲಸ ಮಾಡುತ್ತಿವೆ. ಇಷ್ಟನ್ನು ತಿಳಿಸಿ, ಒಬ್ಬಳು ಹಲಗೆಯ ಮೇಲೆ ಸೇತುವೆ ಬಿಡಿಸುತ್ತಿರಲಿ, ಇನ್ನೊಬ್ಬಳು ಚಿತ್ರ ನೋಡಿ ಇಂಗ್ಲಿಷಿನಲ್ಲಿ ಸೂಚನೆ ಕೊಡುತ್ತಿರಲಿ. ಕರ್ಮಣಿ ಪ್ರಯೋಗದ ವಾಕ್ಯಗಳನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಕಷ್ಟ.

ಉಡುಪಿಯವರಾದ ನಿಮಗೆ ಇನ್ನೊಂದು ಅನುಕೂಲವಿದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿ ಬಂದವರು ನಿಮ್ಮ ತರಗತಿಯಲ್ಲಿ ಖಂಡಿತ ಇರುತ್ತಾರೆ. ಉತ್ತರ ಐರ್ಲೆಂಡಿನ ಕರಾವಳಿಯಲ್ಲಿರುವ ಜೈಂಟ್ಸ್ ಕಾಸ್‌ವೇ ಅದೇ ಬಗೆಯ ರಚನೆ: ಸುಮಾರು 40,000 ಕಂಬಗಳು ಒಂದಕ್ಕೊಂದು ಒತ್ತಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಸಮುದ್ರಕ್ಕೆ ಇಳಿಯುತ್ತವೆ. 1986ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಎರಡು ಕಡೆಯೂ ಹರಿದ ಲಾವಾ ತಣ್ಣಗಾಗುತ್ತ ಕುಗ್ಗಿ, ಮೇಲ್ಮೈಯಲ್ಲಿ ಬಿರುಕು ಬಿಟ್ಟು, ಆ ಬಿರುಕುಗಳು ಆಳಕ್ಕೆ ಇಳಿದದ್ದರಿಂದ ಹೆಚ್ಚಾಗಿ ಆರು ಮುಖದ ಕಂಬಗಳು ಮೂಡಿದವು. ಎರಡು ಕಡೆಯೂ ಜನರ ಬಾಯಲ್ಲಿ ಕತೆಗಳಿವೆ. ಫಿನ್ ಮ್ಯಾಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ಎದುರಾಳಿಯ ಬಳಿ ಹೋಗಲು ಕಟ್ಟಿದ ದಾರಿ ಅದು ಎಂದು ಐರ್ಲೆಂಡಿನವರು ಹೇಳಿದರೆ, 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದು ದ್ವೀಪಕ್ಕೆ ಹೆಸರಿಟ್ಟನೆಂದು ನಮ್ಮ ಕರಾವಳಿಯಲ್ಲಿ ಹೇಳುವುದುಂಟು. ಕಣ್ಣಾರೆ ಕಂಡ ಮಲ್ಪೆಯ ದ್ವೀಪವನ್ನು ಮೊದಲು ಇಂಗ್ಲಿಷಿನಲ್ಲಿ ವರ್ಣಿಸಲಿ. ಆಮೇಲೆ ಅದೇ ಪದಗಳನ್ನು ಹಿಡಿದು ಕಾಸ್‌ವೇಯ ಚಿತ್ರಕ್ಕೆ ಬರಲಿ. ಮುಂದೊಂದು ದಿನ ವಾರ್ಡಿನಲ್ಲಿ ಸಹೋದ್ಯೋಗಿಯೊಬ್ಬರು ‘ನಿಮ್ಮ ಊರಿನಲ್ಲಿ ನೋಡುವಂಥದ್ದು ಏನಿದೆ’ ಎಂದು ಕೇಳಿದಾಗಲೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಇಂಗ್ಲೆಂಡ್, ಬ್ರಿಟನ್, ಯುನೈಟೆಡ್ ಕಿಂಗ್‌ಡಮ್ ಇವುಗಳ ನಡುವೆ ಪ್ರೌಢಶಾಲೆಯ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಭೂಪಟದ ಪಾಠವನ್ನು ಇಂಗ್ಲಿಷ್ ವ್ಯಾಕರಣದ ಜೊತೆ ಹೊಂದಿಸಲು ಸಾಧ್ಯವೇ?
— ಇಂಗ್ಲಿಷ್ ಶಿಕ್ಷಕರು, ಹಾವೇರಿ

ಉತ್ತರ: ಖಂಡಿತ ಸಾಧ್ಯ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಈ ಮೂರೂ ಇರುವ ದೊಡ್ಡ ದ್ವೀಪ ಗ್ರೇಟ್ ಬ್ರಿಟನ್. ಇವಕ್ಕೆ ಉತ್ತರ ಐರ್ಲೆಂಡ್ ಸೇರಿದರೆ ಯುನೈಟೆಡ್ ಕಿಂಗ್‌ಡಮ್. ಡಬ್ಲಿನ್ ರಾಜಧಾನಿಯಾಗಿರುವ ಐರ್ಲೆಂಡ್ ಗಣರಾಜ್ಯ ಬೇರೆಯೇ ದೇಶ. ಸ್ಕಾಟ್ಲೆಂಡಿನವರನ್ನು ಇಂಗ್ಲಿಷರು ಎಂದು ಕರೆದರೆ ಅವರಿಗೆ ಬೇಸರವಾಗುತ್ತದೆ ಎಂಬುದನ್ನೂ ಮಕ್ಕಳಿಗೆ ಹೇಳಿ. ಮುದ್ರಿತ ಭೂಪಟವನ್ನು ಗೋಡೆಗೆ ತೂಗುಹಾಕುವುದರ ಬದಲು ಖಾಲಿ ರೂಪರೇಖೆ ಕೊಟ್ಟು, ನೀವು ಇಂಗ್ಲಿಷಿನಲ್ಲಿ ಹೇಳಿದಂತೆ ಅವರೇ ತುಂಬಲಿ. ಸ್ಕಾಟ್ಲೆಂಡ್ ಇಂಗ್ಲೆಂಡಿನ ಉತ್ತರಕ್ಕಿದೆ, ಲೇಕ್ ಡಿಸ್ಟ್ರಿಕ್ಟ್ ಇಂಗ್ಲೆಂಡಿನ ಉತ್ತರಭಾಗದಲ್ಲಿದೆ: ಮೊದಲನೆಯದಕ್ಕೆ ‘ಟು ದ ನಾರ್ತ್ ಆಫ್’, ಎರಡನೆಯದಕ್ಕೆ ‘ಇನ್ ದ ನಾರ್ತ್ ಆಫ್’ ಎಂಬ ವ್ಯತ್ಯಾಸ ಪೆನ್ಸಿಲ್ ಹಿಡಿದಾಗ ತಟ್ಟನೆ ಹೊಳೆಯುತ್ತದೆ. ನದಿ ಮತ್ತು ಪರ್ವತಶ್ರೇಣಿಗಳ ಹೆಸರಿಗೆ ಮೊದಲು ‘ದ’ ಬರುತ್ತದೆ, ಒಂಟಿ ಶಿಖರ ಮತ್ತು ಸರೋವರಗಳಿಗೆ ಸಾಮಾನ್ಯವಾಗಿ ಬರುವುದಿಲ್ಲ ಎಂಬುದನ್ನೂ ಹೆಸರು ಬರೆಯುವಾಗಲೇ ತಿಳಿಸಬಹುದು.

ಹೋಲಿಕೆಯ ವಾಕ್ಯಗಳಿಗೆ ನಮ್ಮ ರಾಜ್ಯವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಯುನೈಟೆಡ್ ಕಿಂಗ್‌ಡಮ್‌ನ ವಿಸ್ತೀರ್ಣ ಸುಮಾರು 2,44,000 ಚದರ ಕಿಲೋಮೀಟರ್, ಕರ್ನಾಟಕದ್ದು ಸುಮಾರು 1,92,000. ಜಗತ್ತಿನ ಅಷ್ಟು ಭಾಗವನ್ನು ಆಳಿದ ದೇಶ ನಮ್ಮ ರಾಜ್ಯಕ್ಕಿಂತ ಕಾಲುಭಾಗದಷ್ಟು ಮಾತ್ರ ದೊಡ್ಡದೆಂದು ತಿಳಿದಾಗ ಮಕ್ಕಳಿಗೆ ನಂಬಲಾಗುವುದಿಲ್ಲ. ಅಲ್ಲಿನ ಅತಿ ಎತ್ತರದ ಶಿಖರ ಬೆನ್ ನೆವಿಸ್ 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗೂ ಹೆಚ್ಚು. ಥೇಮ್ಸ್ ನದಿಯ ಉದ್ದ 346 ಕಿಲೋಮೀಟರ್, ಕಾವೇರಿಯದು ಅದರ ಎರಡುಪಟ್ಟಿಗೂ ಮಿಗಿಲು. ಮಳೆಯ ಪಾಠಕ್ಕೆ ಹಾವೇರಿಯ ಮಕ್ಕಳಿಗೆ ಹೆಚ್ಚಿನ ವಿವರಣೆ ಬೇಕಾಗದು: ಅಟ್ಲಾಂಟಿಕ್ ಕಡೆಯ ತೇವದ ಗಾಳಿ ಪಶ್ಚಿಮದ ಬೆಟ್ಟಗಳಿಗೆ ತಾಗಿ ಅಲ್ಲೇ ಮಳೆ ಸುರಿಸುವುದರಿಂದ ಲೇಕ್ ಡಿಸ್ಟ್ರಿಕ್ಟಿನ ಸೀತ್‌ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಪೂರ್ವಕ್ಕಿರುವ ಲಂಡನ್ನಿಗೆ ಸಿಗುವುದು ಸುಮಾರು 600 ಮಾತ್ರ. ಘಟ್ಟದ ಮೇಲಿನ ಮಳೆಯನ್ನೂ ಬಯಲುಸೀಮೆಯ ಮಳೆಯನ್ನೂ ಬಲ್ಲ ಮಗು ಈ ವಾಕ್ಯವನ್ನು ತಾನೇ ಕಟ್ಟಬಲ್ಲದು.

ಪ್ರಶ್ನೆ: ಬ್ರಿಟನ್ನಿನ ಊರುಗಳ ಹೆಸರನ್ನು ಬರೆದಂತೆ ಓದಿಸಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಬೇಡ. ಕಾಗುಣಿತ ನೋಡಿ ‘ಲೀಸೆಸ್ಟರ್’ ಎಂದರೆ ಅಲ್ಲಿನವರಿಗೆ ಅರ್ಥವಾಗುವುದು ಕಷ್ಟ, ಅದು ‘ಲೆಸ್ಟರ್’. ಹಾಗೆಯೇ ‘ವೋರ್ಸೆಸ್ಟರ್’ ಎಂದು ಕಾಣುವುದು ವುಸ್ಟರ್, ‘ಗ್ರೀನ್‌ವಿಚ್’ ಎಂದು ಕಾಣುವುದು ಗ್ರೆನಿಚ್, ‘ಎಡಿನ್‌ಬರ್ಗ್’ ಎಂದು ಕಾಣುವುದು ಎಡಿನ್‌ಬರ. ಥೇಮ್ಸ್ ಎಂದು ನಾವು ಬರೆದರೂ ಅವರ ಉಚ್ಚಾರ ‘ಟೆಮ್ಸ್’. ಹೆಸರನ್ನು ಮೊದಲು ಕಿವಿಗೆ ಕೇಳಿಸಿ, ನಾಲಗೆಗೆ ಕೂತ ನಂತರವೇ ಹಲಗೆಯ ಮೇಲೆ ಬರೆಯಿರಿ.