ಆನ್‌ಲೈನಿನಲ್ಲಿ ಮುಪ್ಪಿನ ಸಮಾಜಶಾಸ್ತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ವಾರ್ಡಿಗೆ ಬರುವವರಲ್ಲಿ ವಯಸ್ಸಾದವರೇ ಹೆಚ್ಚು. ಅವರ ಕಾಯಿಲೆಗಳ ಬಗ್ಗೆ ಕಾಲೇಜಿನಲ್ಲಿ ಕಲಿತಿದ್ದೇನೆ. ಆದರೆ ಮನೆಯವರು, ಹಣ, ಒಂಟಿತನ ಇವು ಚಿಕಿತ್ಸೆಯ ದಿಕ್ಕನ್ನು ಹೇಗೆ ಬದಲಿಸುತ್ತವೆ ಎಂಬುದನ್ನು ಯಾರೂ ಕಲಿಸಲಿಲ್ಲ. ಕೆಲಸ ಬಿಡದೆ ಇದನ್ನು ಆನ್‌ಲೈನಿನಲ್ಲಿ ಓದಬಹುದೆ?
(ಓದುಗಿ, ಹಾವೇರಿ ಜಿಲ್ಲೆ)

ಉತ್ತರ: ಖಂಡಿತ ಓದಬಹುದು. ನರ್ಸಿಂಗನ್ನೋ ಫಿಸಿಯೋಥೆರಪಿಯನ್ನೋ ಮನೆಯಲ್ಲಿ ಕುಳಿತು ಕಲಿಯಲಾಗದು. ಆದರೆ ನೀವು ಕೇಳುತ್ತಿರುವುದು ಸಮಾಜಶಾಸ್ತ್ರದ ಒಂದು ಕವಲು, ಮತ್ತು ಸಮಾಜಶಾಸ್ತ್ರದ ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಮಾಡುವುದಕ್ಕೆ ಅಡ್ಡಿಯಿಲ್ಲ. ಯಾವುದೇ ವಿಷಯದಲ್ಲಿ ಪದವಿ ಪಡೆದವರು ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಎಂ.ಎ.ಗೆ ಸೇರಬಹುದಾದ್ದರಿಂದ ನಿಮ್ಮ ಬಿ.ಎಸ್ಸಿ. ಸಾಕು, ಜಿ.ಎನ್.ಎಂ. ಡಿಪ್ಲೊಮಾ ಮಾತ್ರ ಇರುವ ನಿಮ್ಮ ಸಹೋದ್ಯೋಗಿಗಳು ಮೊದಲು ಪದವಿ ಮಾಡಿಕೊಳ್ಳಬೇಕಾಗುತ್ತದೆ. ಕನ್ನಡದಲ್ಲೇ ಪರೀಕ್ಷೆ ಬರೆಯುವ ಇಚ್ಛೆಯಿದ್ದರೆ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಮೊದಲು ವಿಚಾರಿಸಿ. ಸಂಸ್ಥೆ ಯಾವುದೇ ಇರಲಿ, ಆ ಕೋರ್ಸಿಗೆ, ಆ ವರ್ಷಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ ಎಂಬುದನ್ನು ಹಣ ಕಟ್ಟುವ ಮೊದಲು ಆ ವಿಭಾಗದ ಜಾಲತಾಣದಲ್ಲೇ ನೋಡಿಕೊಳ್ಳಬೇಕು, ಜಾಹೀರಾತನ್ನು ನಂಬಬಾರದು. ಪದವಿಯ ಹಂಗಿಲ್ಲದೆ ಕಲಿಯುವುದಾದರೆ ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕೆಯ ವೇದಿಕೆಯಲ್ಲಿ ಪಾಠಗಳು ಉಚಿತವಾಗಿವೆ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು.

ಇದಿಷ್ಟು ದಾರಿಯ ಮಾತಾಯಿತು. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಕಾಯಿಲೆಯನ್ನು ಕಲಿತಿದ್ದೇನೆ, ಅದರ ಸುತ್ತ ಇರುವುದನ್ನು ಕಲಿತಿಲ್ಲ ಎಂಬ ಮಾತು. ಈ ಶಾಸ್ತ್ರ ಹುಟ್ಟಿದ್ದೇ ಅಲ್ಲಿಂದ. ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ 1951ರಲ್ಲಿ, ಕಾಯಿಲೆ ಬಿದ್ದವನಿಗೆ ಸಮಾಜ ಒಂದು ಪಾತ್ರವನ್ನೇ ವಹಿಸಿಕೊಡುತ್ತದೆ ಎಂದು ವಾದಿಸಿದರು: ದಿನನಿತ್ಯದ ಹೊಣೆಗಳಿಂದ ಅವನಿಗೆ ಬಿಡುವು ಸಿಗುತ್ತದೆ, ಕಾಯಿಲೆಗಾಗಿ ಅವನನ್ನು ಯಾರೂ ದೂರುವುದಿಲ್ಲ, ಅದಕ್ಕೆ ಪ್ರತಿಯಾಗಿ ಅವನು ಗುಣವಾಗಲು ಬಯಸಬೇಕು ಮತ್ತು ವೈದ್ಯರ ನೆರವು ಪಡೆಯಬೇಕು. ಟೈಫಾಯ್ಡ್ ಬಂದ ಯುವಕನಿಗೆ ಈ ಲೆಕ್ಕ ಸರಿಹೊಂದುತ್ತದೆ. ಆದರೆ ಬಿಪಿ, ಶುಗರ್, ಮಂಡಿನೋವು ಮೂರನ್ನೂ ಹೊತ್ತುಕೊಂಡು ಬರುವ ಎಪ್ಪತ್ತು ದಾಟಿದ ಅಜ್ಜಿಗೆ ಇದನ್ನು ಅನ್ವಯಿಸಿ ನೋಡಿ. ಆಕೆಯ ಕಾಯಿಲೆ ಗುಣವಾಗಿ ಮುಗಿಯುವಂಥದ್ದಲ್ಲ, ಹಾಗಾಗಿ ಬಿಡುವೂ ಇಲ್ಲ. ಡಿಸ್ಚಾರ್ಜ್ ಆಗಿ ಹೋದ ಮಾರನೆಯ ದಿನವೇ ಒಲೆಯ ಮುಂದೆ ಇರುತ್ತಾರೆ. ‘ವಯಸ್ಸಾಯ್ತಲ್ಲ, ಇನ್ನೇನು’ ಎಂಬ ಮಾತು ಮನೆಯಲ್ಲೂ ಕೇಳಿಬರುತ್ತದೆ, ಆಸ್ಪತ್ರೆಯಲ್ಲೂ ಕೇಳಿಬರುತ್ತದೆ, ಎಷ್ಟೋ ಸಲ ಅವರ ಬಾಯಲ್ಲೇ ಬರುತ್ತದೆ. ವಯಸ್ಸಿನ ಕಾರಣಕ್ಕೇ ಮನುಷ್ಯರನ್ನು ಕಡೆಗಣಿಸುವ ಈ ಧೋರಣೆಯನ್ನು ಜಾತಿಭೇದ, ವರ್ಣಭೇದಗಳಂತೆಯೇ ಒಂದು ತಾರತಮ್ಯವೆಂದು ಗುರುತಿಸಬೇಕೆಂದು ಚಳವಳಿಗಳೂ ಅಧ್ಯಯನಗಳೂ ಒತ್ತಾಯಿಸುತ್ತ ಬಂದಿವೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಏಜಿಸಂ’ ಎಂಬ ಹೆಸರು ಕೊಟ್ಟವರು ಮನೋವೈದ್ಯ ರಾಬರ್ಟ್ ಬಟ್ಲರ್, 1969ರಲ್ಲಿ.

ಇನ್ನೊಂದು ಅಧ್ಯಯನವನ್ನು ನೀವು ಓದಲೇಬೇಕು. ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಮುತ್ತಲ ಆಸ್ಪತ್ರೆಗಳಲ್ಲಿ ಸಾವಿನ ಸಮೀಪದ ರೋಗಿಗಳನ್ನು ಗಮನಿಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ರೋಗಿಗೆ ಏನೂ ತಿಳಿಯದಿರುವುದು, ಅನುಮಾನ ಬಂದಿರುವುದು, ಎಲ್ಲರಿಗೂ ತಿಳಿದಿದ್ದರೂ ತಿಳಿಯದವರಂತೆ ನಡೆದುಕೊಳ್ಳುವುದು, ಬಾಯಿಬಿಟ್ಟು ಮಾತನಾಡುವುದು ಎಂಬ ನಾಲ್ಕು ಸ್ಥಿತಿಗಳನ್ನು ಅವರು ಗುರುತಿಸುತ್ತಾರೆ. ವರದಿ ಕೈಗೆ ಬಂದ ಕೂಡಲೇ ಮಗ ವಾರ್ಡಿನ ಬಾಗಿಲ ಹೊರಗೆ ನಿಮ್ಮನ್ನು ಕರೆದು ‘ಸಿಸ್ಟರ್, ಅಪ್ಪನಿಗೆ ಮಾತ್ರ ಹೇಳಬೇಡಿ’ ಎನ್ನುವುದನ್ನು ನೀವು ಎಷ್ಟು ಸಲ ಕೇಳಿರುತ್ತೀರಿ! ಒಳಗೆ ಮಲಗಿರುವ ತಂದೆ, ಮಗ ನೊಂದುಕೊಳ್ಳಬಾರದೆಂದು ಏನನ್ನೂ ಕೇಳದೆ ಸುಮ್ಮನಿರುತ್ತಾರೆ. ಈ ಮೂರನೆಯ ಸ್ಥಿತಿಯಲ್ಲಿ ನಮ್ಮ ಕುಟುಂಬಗಳು ತಿಂಗಳುಗಟ್ಟಲೆ ಬದುಕುತ್ತವೆ, ಮತ್ತು ಅದರ ನಡುವೆ ನಿಂತು ಎರಡೂ ಕಡೆಗೆ ಮುಖ ಕೊಡಬೇಕಾದವರು ನರ್ಸುಗಳು. ಇದನ್ನು ಕಂಡವರು ಬರೆದಿಡಬೇಕು. ಆನ್‌ಲೈನ್ ಪಾಠ ನಿಮಗೆ ಪರಿಕಲ್ಪನೆಗಳನ್ನು ಕೊಡುತ್ತದೆ, ಓದಬೇಕಾದ ಪುಟಗಳನ್ನು ಕೊಡುತ್ತದೆ. ಆದರೆ ಈ ವಿಷಯದ ಅರ್ಧ ಭಾಗ ಇರುವುದು ಮಂಚದ ಪಕ್ಕದಲ್ಲಿ, ಮತ್ತು ಅಲ್ಲಿ ನೀವು ಆಗಲೇ ನಿಂತಿದ್ದೀರಿ. ರೋಗಿಗಳ ಹೆಸರು, ಗುರುತು ಬಿಟ್ಟು, ಅಂದು ಯಾರು ಯಾರನ್ನು ಉದ್ದೇಶಿಸಿ ಮಾತನಾಡಿದರು ಎಂಬುದೊಂದನ್ನೇ ಪಾಳಿ ಮುಗಿದ ಮೇಲೆ ನಾಲ್ಕು ಸಾಲು ಬರೆದಿಡುವ ರೂಢಿ ಮಾಡಿಕೊಳ್ಳಿ. ವೈದ್ಯರು ಹೊಟ್ಟೆನೋವಿನ ಬಗ್ಗೆ ತಾಯಿಯನ್ನು ಕೇಳಿದರೋ, ಪಕ್ಕದಲ್ಲಿ ನಿಂತ ಮಗನನ್ನು ಕೇಳಿದರೋ ಎಂಬಲ್ಲಿಂದಲೇ ಎಷ್ಟೋ ವಿಷಯ ಹೊರಡುತ್ತದೆ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ವಯಸ್ಸು 66. ಪದವಿಯ ಆಸೆಯಿಲ್ಲ. ನನ್ನ ವಯಸ್ಸಿನವರ ಬಗ್ಗೆ ಸಮಾಜಶಾಸ್ತ್ರ ಏನು ಹೇಳುತ್ತದೆ ಎಂದು ತಿಳಿಯಲು ಎಲ್ಲಿಂದ ಆರಂಭಿಸಲಿ?
(ಓದುಗರು, ಮೈಸೂರು)

ಉತ್ತರ: ಬ್ಯಾಂಕಿನಲ್ಲಿದ್ದವರಿಗೆ ಅಂಕಿಅಂಶ ಹೊಸದಲ್ಲ, ಹಾಗಾಗಿ ಭಾರತದ ವೃದ್ಧಾಪ್ಯ ಕುರಿತ ದೀರ್ಘಾವಧಿ ಅಧ್ಯಯನದ, ಅಂದರೆ ‘ಲಾಸಿ’ಯ, ವರದಿಯಿಂದ ಆರಂಭಿಸಿ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ 45 ವರ್ಷ ಮೀರಿದ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಿ ಸಿದ್ಧಪಡಿಸಿದ ಮೊದಲ ಸುತ್ತಿನ ವರದಿ 2021ರಲ್ಲಿ ಬಿಡುಗಡೆಯಾಯಿತು. ರಾಜ್ಯವಾರು ಮಾಹಿತಿಯೂ ಅದರೊಂದಿಗೆ ಉಚಿತವಾಗಿ ಸಿಗುತ್ತದೆ. ಇಗ್ನೋದ ಪಠ್ಯಗಳು ‘ಇ-ಜ್ಞಾನಕೋಶ’ ಎಂಬ ಅದರ ಜಾಲತಾಣದಲ್ಲಿವೆ. ಕನ್ನಡದಲ್ಲಿ ಈ ವಿಷಯದ ಆನ್‌ಲೈನ್ ಸಾಮಗ್ರಿ ಬಹಳ ಕಡಿಮೆ ಎಂಬುದು ನೋವಿನ ಸಂಗತಿ.

ಓದುವಾಗ ಒಂದು ಸಣ್ಣ ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿ: ಮುಪ್ಪು ಯಾವಾಗ ಶುರುವಾಗುತ್ತದೆ, ಅದನ್ನು ಯಾರು ತೀರ್ಮಾನಿಸುತ್ತಾರೆ? ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಗೆ 60 ವರ್ಷವಾದವರು ಹಿರಿಯರು. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಬೇಕು. ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯದ ಮಿತಿಯಿಲ್ಲದೆ ಎಲ್ಲ ಹಿರಿಯರಿಗೂ ವಿಸ್ತರಿಸುವುದಾಗಿ 2024ರಲ್ಲಿ ಕೇಂದ್ರ ಪ್ರಕಟಿಸಿದಾಗ ಇಟ್ಟ ಗೆರೆ 70. ಒಬ್ಬರೇ ವ್ಯಕ್ತಿ ಒಂದು ಕಚೇರಿಯಲ್ಲಿ ವೃದ್ಧರು, ಇನ್ನೊಂದರಲ್ಲಿ ಅಲ್ಲ. ಇನ್ನು ಹಳ್ಳಿಯ ಹಿರಿಯರಲ್ಲಿ ಎಷ್ಟೋ ಜನರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದೇ ಇರುತ್ತದೆ, ಏಕೆಂದರೆ ಹುಟ್ಟಿದ ತಾರೀಕಿಗೆ ದಾಖಲೆಯಿರಲಿಲ್ಲ. ನೋಂದಣಿಯವರು ಅಂದಾಜಿನ ಮೇಲೆ ಬರೆದ ವರ್ಷವೇ ಮುಂದೆ ಪಿಂಚಣಿ ಸಿಗುವುದನ್ನೂ ಸಿಗದಿರುವುದನ್ನೂ ತೀರ್ಮಾನಿಸುತ್ತದೆ. ನಿಮ್ಮ ಬಡಾವಣೆಯ ಉದ್ಯಾನದಲ್ಲಿ ಸಂಜೆ ಸೇರುವ ಗೆಳೆಯರ ನಡುವೆ ಈ ಪ್ರಶ್ನೆಯನ್ನು ಇಟ್ಟು ನೋಡಿ, ಮನೆಗೆಲಸ ಮಾಡುವ ನಿಮ್ಮ ವಯಸ್ಸಿನ ಮಹಿಳೆಯನ್ನೂ ಕೇಳಿ ನೋಡಿ. ನಿವೃತ್ತಿ ಎಂಬುದೇ ಇಲ್ಲದವರ ಮುಪ್ಪು ಬೇರೆ ಥರದ್ದು ಎಂಬುದು ಆ ಎರಡು ಉತ್ತರಗಳ ನಡುವೆ ಕಾಣುತ್ತದೆ.

ಪ್ರಶ್ನೆ: ಎಂ.ಎ. ವಿದ್ಯಾರ್ಥಿ. ಆನ್‌ಲೈನಿನಲ್ಲಿ ಸಿಗುವುದೆಲ್ಲ ಪಾಶ್ಚಾತ್ಯ ಸಿದ್ಧಾಂತ. ಅದು ನಮ್ಮ ಹಿರಿಯರಿಗೆ ಹೊಂದುತ್ತದೆಯೆ?
(ಓದುಗರು, ಕಲಬುರಗಿ)

ಉತ್ತರ: ಕೆಲವು ಹೊಂದುವುದಿಲ್ಲ, ಆದರೆ ಹೊಂದದಿರುವುದು ಎಲ್ಲಿ ಎಂದು ತೋರಿಸುವುದೇ ನಿಮ್ಮ ಕೆಲಸ. 1961ರಲ್ಲಿ ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ ಅಮೆರಿಕದ ಕ್ಯಾನ್ಸಾಸ್ ಸಿಟಿಯ ಅಧ್ಯಯನದ ಆಧಾರದ ಮೇಲೆ, ವಯಸ್ಸಾದಂತೆ ವ್ಯಕ್ತಿಯೂ ಸಮಾಜವೂ ಪರಸ್ಪರ ದೂರ ಸರಿಯುವುದು ಸಹಜ ಎಂದರು. ಇದನ್ನು ಓದಿದೊಡನೆ ವಾನಪ್ರಸ್ಥ ನಮ್ಮ ನೆನಪಿಗೆ ಬರುತ್ತದೆ. ಆದರೆ ಜೋಳದ ಹೊಲದಲ್ಲಿ ಕೂಲಿಗೆ ಹೋಗುವ ಅರವತ್ತೈದರ ತಾಯಿಗೆ ಸರಿಯುವುದಕ್ಕೆ ಎಲ್ಲಿದೆ ಅವಕಾಶ? ಸಿದ್ಧಾಂತವೂ ಆದರ್ಶವೂ ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹಾಗೆಂದು ನಮ್ಮದೇ ವಿವರಣೆಗಳನ್ನು ಪ್ರಶ್ನಿಸದೆ ಒಪ್ಪಬೇಡಿ. ವಾರಾಣಸಿಯಲ್ಲಿ ಅಧ್ಯಯನ ನಡೆಸಿ 1998ರಲ್ಲಿ ಪ್ರಕಟಿಸಿದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್, ಕೂಡು ಕುಟುಂಬ ಒಡೆದದ್ದರಿಂದಲೇ ಹಿರಿಯರು ಅನಾಥರಾದರು ಎಂಬ, ನಾವೆಲ್ಲ ಭಾಷಣಗಳಲ್ಲಿ ಕೇಳುವ ಕಥೆಯನ್ನೇ ಪರೀಕ್ಷೆಗೆ ಒಡ್ಡಿದರು. ಆ ಕಥೆ ಎಲ್ಲ ಹೊಣೆಯನ್ನೂ ಸೊಸೆಯ ಮೇಲೆ, ಮಗನ ಮೇಲೆ ಹಾಕಿ, ಬಡತನ ಮತ್ತು ಆಸ್ಪತ್ರೆಯ ಖರ್ಚಿನ ಮಾತನ್ನು ಮರೆಸಿಬಿಡುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಇನ್ನು ನಮ್ಮ ನೆಲದ ಸಂಶೋಧನೆಯ ವಿಷಯ ಬೇಕೆಂದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರವನ್ನು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಅಲ್ಲಿನ ಹಳ್ಳಿಗಳ 45 ವರ್ಷ ಮೀರಿದವರ ಮೆದುಳಿನ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನ ಕೈಗೊಂಡಿದೆ. ಅದು ವೈದ್ಯಕೀಯ ಅಧ್ಯಯನ. ಆದರೆ ಶಾಲೆಯ ಮೆಟ್ಟಿಲು ಹತ್ತದವರ ನೆನಪಿನ ಶಕ್ತಿಯನ್ನು ಅಳೆಯುವುದು ಹೇಗೆ, ಮರೆವು ಯಾವ ಹಂತದಲ್ಲಿ ಮನೆಯವರ ಕಣ್ಣಿಗೆ ಕಾಯಿಲೆಯಾಗಿ ಕಾಣುತ್ತದೆ ಎಂಬ ಪ್ರಶ್ನೆಗಳು ಸಮಾಜಶಾಸ್ತ್ರಕ್ಕೆ ಸೇರಿದವು. ಮುಂದೆ ಪಿಎಚ್.ಡಿ. ಮಾಡುವ ಯೋಚನೆಯಿದ್ದರೆ ಅದಕ್ಕೆ ಆನ್‌ಲೈನ್ ದಾರಿಯಿಲ್ಲ. ಯುಜಿಸಿ ಅದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಇಂಗ್ಲೆಂಡಿನ ಕೇರ್ ಹೋಮ್ ಒಂದರಲ್ಲಿ ಕೆಲಸ ಮಾಡುತ್ತ ಆನ್‌ಲೈನಿನಲ್ಲಿ ಓದುತ್ತಿದ್ದೇನೆ. ಅಲ್ಲಿನ ಹಿರಿಯರ ಬಗ್ಗೆ ಪ್ರಬಂಧ ಬರೆಯಬಹುದೆ?
(ಕನ್ನಡತಿ, ಲೆಸ್ಟರ್)

ಉತ್ತರ: ಅನುಮತಿಯಿಲ್ಲದೆ ಬರೆಯಬೇಡಿ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1955-56ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಆಟೋಟ ವಿಭಾಗದ ಸಹಾಯಕರೆಂಬ ನೆಲೆಯಲ್ಲಿ ಓಡಾಡಿ ರೋಗಿಗಳ ಬದುಕನ್ನು ಬರೆದರು. ಆ ಬರಹದಿಂದ ಸಂಸ್ಥೆಗಳನ್ನು ನೋಡುವ ನಮ್ಮ ಕಣ್ಣೇ ಬದಲಾಯಿತು. ಆದರೆ ರೋಗಿಗಳಿಗೆ ತಿಳಿಯದೆ ನಡೆಸುವ ಅಂಥ ಅಧ್ಯಯನವನ್ನು ಇಂದಿನ ನೈತಿಕ ಸಮಿತಿಗಳು ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ನೀವಿರುವಲ್ಲಿ 2005ರ ಮಾನಸಿಕ ಸಾಮರ್ಥ್ಯ ಕಾಯಿದೆ, ಸ್ವತಃ ಒಪ್ಪಿಗೆ ಕೊಡಲಾಗದವರನ್ನು ಸಂಶೋಧನೆಗೆ ಒಳಪಡಿಸುವುದಕ್ಕೆ ಕಟ್ಟುನಿಟ್ಟಿನ ಷರತ್ತುಗಳನ್ನು ಹಾಕಿದೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಹೆಸರು ಬದಲಿಸಿದರೆ ಸಾಲದು, ಇಪ್ಪತ್ತು ಮೂವತ್ತು ಜನರಿರುವ ಮನೆಯಲ್ಲಿ ಊರು ಮತ್ತು ಕಾಯಿಲೆ ಹೇಳಿದರೆ ಗುರುತು ಸಿಕ್ಕಿಬಿಡುತ್ತದೆ. ಕೇರ್ ಪ್ಲಾನ್, ಔಷಧದ ಚಾರ್ಟ್ ಇವು ಕೆಲಸಕ್ಕಾಗಿ ನಿಮ್ಮ ಕೈಗೆ ಬಂದವು, ಪ್ರಬಂಧಕ್ಕಾಗಿ ಅಲ್ಲ. ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಗೆ ಬರೆಯಿರಿ, ಮ್ಯಾನೇಜರರಿಗೂ ಲಿಖಿತವಾಗಿ ತಿಳಿಸಿ. ಅದು ತಡವಾಗುವುದಾದರೆ ವಿಷಯವನ್ನೇ ತಿರುಗಿಸಿ ನಿಮ್ಮ ಶ್ರಮದ ಬಗ್ಗೆ ಬರೆಯಿರಿ: ಒಬ್ಬರನ್ನು ಎಬ್ಬಿಸಿ, ಸ್ನಾನ ಮಾಡಿಸಿ, ತಿಂಡಿಗೆ ಕೂರಿಸಲು ಬೆಳಗಿನ ಪಾಳಿಯಲ್ಲಿ ಎಷ್ಟು ಹೊತ್ತು ಕೊಟ್ಟಿದ್ದಾರೆ, ವಾಸ್ತವವಾಗಿ ಎಷ್ಟು ಹೊತ್ತು ಬೇಕು, ಆ ವ್ಯತ್ಯಾಸವನ್ನು ನೀವು ಯಾವುದನ್ನು ಬಿಟ್ಟು ತುಂಬಿಸುತ್ತೀರಿ. ಸಂಸ್ಥೆಯ ಹೆಸರು, ನಿವಾಸಿಗಳ ವಿವರ ಇಲ್ಲದೆಯೂ ಇದನ್ನು ಬರೆಯಬಹುದು. ಆದರೂ ಸಲ್ಲಿಸುವ ಮೊದಲು ನಿಮ್ಮ ಮಾರ್ಗದರ್ಶಕರಿಗೆ ಒಮ್ಮೆ ತೋರಿಸಿ.