ವಾಟರ್ ಸರ್ವೀಸ್ ಶೆಡ್ಡಿನ ಕಾಂಕ್ರೀಟ್ ನೆಲಕ್ಕೆ ಎಪಾಕ್ಸಿ ಹಾಕಿಸಬಹುದಾ? ಗೋಡೆಗೆ ಏನು ಮಾಡಿಸೋದು?

ಹಾಕಿಸಬಹುದು. ಎಪಾಕ್ಸಿ ಅಂದರೆ ಎರಡು ದ್ರವ ಬೆರೆಸಿ ಹಚ್ಚುವ, ಆಮೇಲೆ ಪ್ಲಾಸ್ಟಿಕ್ ಥರ ಗಟ್ಟಿಯಾಗುವ ಲೇಪ. ಆದರೆ ಯಾವ ಕಂಪನಿ ಡಬ್ಬ ಅಂತ ಕೇಳೋ ಮೊದಲು ನೆಲ ನೋಡಿ. ನಾನು ಉಲ್ಟಾ ಮಾಡಿ ದುಡ್ಡು ಕಳೆದುಕೊಂಡವನು.

ನಮ್ಮದು ಹಾಸನದ ಹತ್ತಿರ ಎರಡು ಕಾರು ನಿಲ್ಲುವಷ್ಟು ಶೆಡ್. ಮೊದಲ ಸಲ ನೆಲ ತೊಳೆಸಿ, ಒಣಗಿದೆ ಅನ್ನಿಸಿದ ಕೂಡಲೇ ಎರಡು ಕೋಟ್ ಎಪಾಕ್ಸಿ ಹೊಡೆಸಿದೆ. ಎರಡೇ ತಿಂಗಳಿಗೆ ಅಲ್ಲಲ್ಲಿ ಹಪ್ಪಳದ ಹಾಗೆ ಉಬ್ಬಿತು. ಒಂದು ಗುಳ್ಳೆ ಚುಚ್ಚಿದರೆ ಒಳಗೆ ನೀರು. ಅಲ್ಲಿಗೆ ಪ್ರೆಶರ್ ಗನ್ ಹಿಡಿದಿದ್ದೇ ತಡ, ಅಂಗೈ ಅಗಲದ ಸಿಪ್ಪೆ ಎದ್ದು ಬಂತು. ತಿರುಗಿಸಿ ನೋಡಿದೆ. ಹಿಂದೆ ಪೂರ್ತಿ ಬೂದು ಸಿಮೆಂಟ್ ಪುಡಿ. ಎಪಾಕ್ಸಿ ಗಟ್ಟಿಯಾಗೇ ಹಿಡಿದಿತ್ತು, ಆದರೆ ಹಿಡಿದದ್ದು ಆ ಪುಡಿಯನ್ನ!

ಅದಕ್ಕೇ ಮೊದಲು ಗ್ರೈಂಡಿಂಗ್ ಮಾಡಿಸಿ, ಮೇಲಿನ ಪುಡಿ ಪದರ ಹೋಗಲಿ. ಹೊಸ ಕಾಂಕ್ರೀಟ್ ಆದರೆ ಕನಿಷ್ಠ 28 ದಿನ ಬಿಡಿ. ಆಮೇಲೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಮರುದಿನ ಬಿಚ್ಚಿ. ಅಡಿಯಲ್ಲಿ ಬೆವರು ಕಂಡರೆ, ಅಥವಾ ನೆಲ ಕಪ್ಪಾಗಿದ್ದರೆ, ಇನ್ನೂ ತೇವ ಇದೆ ಅಂತ. ಆಯಿಲ್ ಕುಡಿದ ಹಳೇ ನೆಲವಾದರೆ ಸೋಪಿನ ನೀರಿಗೆ ಅದು ಬಿಡೋದಿಲ್ಲ. ಅಷ್ಟು ಭಾಗ ಒಡೆದು ಹೊಸದಾಗಿ ಹಾಕಿಸೋದೇ ವಾಸಿ.

ಇನ್ನು ಮಾಲು. ಬಿಸಿಲು ಬೀಳುವ ಕಡೆ ಬರೀ ಎಪಾಕ್ಸಿ ಹಳದಿಯಾಗಿ ಕಳೆ ಕೆಡುತ್ತೆ, ಮೇಲೊಂದು ಪಿಯು (ಪಾಲಿಯುರೆಥೇನ್) ಕೋಟ್ ಬೇಕು. ಬಿಸಿನೀರು ಅಥವಾ ಸ್ಟೀಮ್ ಬಳಸ್ತೀರಾ? ಹಾಗಾದರೆ ಪಿಯು ಕಾಂಕ್ರೀಟ್, ಅಂದರೆ ಪಿಯುಗೆ ಸಿಮೆಂಟ್, ಮರಳು ಬೆರೆಸಿದ ದಪ್ಪ ಲೇಪ, ಕೇಳಿ. 6ರಿಂದ 9 ಎಂಎಂ ದಪ್ಪ ಬರುತ್ತೆ, ದುಬಾರಿ, ಆದರೆ ಬಿಸಿ ತಣ್ಣಗೆ ಎರಡನ್ನೂ ತಡೆಯುತ್ತೆ. ಯಾವುದೇ ಆಗಲಿ, ಕೋಟ್ ಹಸಿ ಇರುವಾಗಲೇ ಸಿಲಿಕಾ ಮರಳು ಉದುರಿಸಲು ಹೇಳಿ. ನುಣುಪು ನೆಲ ಫೋಟೋಗೆ ಚಂದ. ಶಾಂಪೂ ಬಿದ್ದರೆ ಹುಡುಗರ ಸೊಂಟ ಮುರಿಯುತ್ತೆ.

ಗೋಡೆಗೆ ನನ್ನ ಮಟ್ಟಿಗೆ ಪೇಂಟೇ ಬೇಡ. ಏಳಡಿವರೆಗೆ ಟೈಲ್ಸ್, ಸಂದಿಗೆ ಎಪಾಕ್ಸಿ ಗ್ರೌಟ್. ಮಾಮೂಲಿ ಸಿಮೆಂಟ್ ಗ್ರೌಟನ್ನು ಗನ್ ಕೆರೆದು ತೆಗೆಯುತ್ತೆ. ಗೋಡೆ ನೆಲ ಸೇರುವ ಮೂಲೆಯನ್ನು ಮಾತ್ರ ದುಂಡಗೆ ಮಾಡಿಸಿ, ನೀರು ಒಳಗೆ ಹೋಗೋದೇ ಅಲ್ಲಿಂದ.

ಕೋಟಿಂಗ್ ಮುಗಿದ ಮೇಲೆ ಒಂದು ವಾರ ನೀರು ಬೀಳಬಾರದು, ಗಾಡಿ ನಿಲ್ಲಬಾರದು. ಹಾಗಾಗಿ ಬೇಸಿಗೆಯಲ್ಲೇ ಮಾಡಿಸಿ. ಆಯುಧಪೂಜೆ ಹತ್ತಿರ ಇಟ್ಟುಕೊಂಡರೆ ಗಿರಾಕಿಗಳೆಲ್ಲ ಪಕ್ಕದ ಶೆಡ್ಡಿಗೆ.